ಕೆಂಪು ಬಾಳೆಹಣ್ಣು, ಹಳದಿ ಚಿತ್ರ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಲವು ವರ್ಷಗಳ ಹಿಂದಿನವರೆಗೆ ಕಲಬುರಗಿ ತಾಲೂಕಿನ ಹೋಬಳಿಯಾಗಿದ್ದ ಈ ಊರು ಈಗ ಸ್ವತಃ ತಾಲೂಕು ಕೇಂದ್ರ. ಊರಿಗೆ ಹೆಸರು ತಂದುಕೊಟ್ಟದ್ದು ಅಲ್ಲಿನ ಕೆಂಪು ಬಾಳೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಹಣ್ಣಿನ ಸಿಪ್ಪೆ ಇಟ್ಟಿಗೆಯಂತೆ ಕೆಂಪಗಿರುತ್ತದೆ. ಬೆಲೆಯೂ ಸಾಮಾನ್ಯ ಬಾಳೆಗಿಂತ ಹೆಚ್ಚು. ಈ ಊರಿನಲ್ಲಿ ನಮ್ಮ ಬಂಧುಗಳ ಮನೆಯಿದೆ. ಆ ಮನೆಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿದ್ದಾನೆ. ಅವನಿಗೆ ಮಾತು ಕಡಿಮೆ, ಕಲಿಕೆ ನಿಧಾನ. ವೈದ್ಯರು ಆಟಿಸಂ ಎಂದು ಬರೆದುಕೊಟ್ಟಿದ್ದಾರೆ.

ಕಳೆದ ಬಾರಿ ಹೋದಾಗ ನಾವು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಿಂದ ಮಿಂಚುಪಟ್ಟಿಗಳ ಒಂದು ಪೆಟ್ಟಿಗೆ ಕೊಂಡೊಯ್ದಿದ್ದೆವು. ದಪ್ಪ ಕಾಗದ, ಹೊಳೆಯುವ ಬಣ್ಣ, ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಕನ್ನಡ ಮತ್ತು ಇಂಗ್ಲಿಷ್ ಹೆಸರು. ಹುಡುಗ ಮೂರೇ ದಿನಗಳಲ್ಲಿ ಹಣ್ಣುಗಳ ಪಟ್ಟಿಗಳನ್ನೆಲ್ಲ ಕಲಿತ. ಹಳದಿ ಬಾಳೆಯ ಚಿತ್ರ ತೋರಿಸಿದರೆ ತಡವರಿಸದೆ 'ಬಾಳೆಹಣ್ಣು' ಎಂದ. ಮನೆಯವರ ಕಣ್ಣಲ್ಲಿ ನೀರು ಬಂತು. ಸಂಜೆ ಅವನ ತಾಯಿ ತೋಟದಿಂದ ಬಂದ ಕೆಂಪು ಹಣ್ಣನ್ನು ಅವನ ಮುಂದೆ ಹಿಡಿದು 'ಇದೇನು?' ಎಂದು ಕೇಳಿದರು. ಹುಡುಗ ಹಣ್ಣನ್ನು ಕಸಿದುಕೊಂಡು ಸುಲಿದು ತಿಂದ. ಆದರೆ ಹೆಸರು ಹೇಳಲಿಲ್ಲ. ಮತ್ತೆ ಕೇಳಿದಾಗ ಎದ್ದುಹೋಗಿ ಪೆಟ್ಟಿಗೆಯಿಂದ ಹಳದಿ ಬಾಳೆಯ ಪಟ್ಟಿಯನ್ನೇ ತಂದು ತೋರಿಸಿದ. ಅವನ ಮಟ್ಟಿಗೆ 'ಬಾಳೆಹಣ್ಣು' ಎಂಬುದು ಆ ಕಾಗದದ ಹೆಸರು.

ಹುಡುಗ ತಪ್ಪಿದನೇ, ಪಟ್ಟಿ ತಪ್ಪಿತೇ? ಈ ಪ್ರಶ್ನೆಯಿಂದಲೇ ನಾವು ಈ ಲೇಖನಕ್ಕೆ ಹೊರಟಿದ್ದೇವೆ. ಕಥೆ, ಕವನ, ಸಿನಿಮಾಗಳನ್ನು ವಿಮರ್ಶೆ ಮಾಡುವ ನಾವು ಮಕ್ಕಳ ಕೈಗೆ ಕೊಡುವ ಚಿತ್ರಪಟಗಳನ್ನು ವಿಮರ್ಶೆಗೆ ಯೋಗ್ಯವೆಂದು ಭಾವಿಸುವುದೇ ಇಲ್ಲ. ಆದರೆ ಮಾತು ಬಾರದ ಮಗುವಿನ ಪಾಲಿಗೆ ಅವೇ ಮೊದಲ ಗ್ರಂಥ. ಅವುಗಳಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಯಾರಾದರೂ ಓದಿ ಹೇಳಬೇಕಲ್ಲವೇ?

ಮಾರುಕಟ್ಟೆಯಲ್ಲಿರುವ ಬಹುಪಾಲು ಪಟಗಳ ವಿನ್ಯಾಸ ಒಂದೇ. ಒಂದು ಪದಕ್ಕೆ ಒಂದು ಚಿತ್ರ. ಇಂಗ್ಲಿಷ್ ವರ್ಣಮಾಲೆಯ ಪಟದಲ್ಲಿ ಬಯಲುಸೀಮೆಯ ಮಗು ಎಂದೂ ನೋಡದ ಇಗ್ಲೂ, ಕ್ಸೈಲೋಫೋನ್. ಕನ್ನಡ ವರ್ಣಮಾಲೆಯಲ್ಲಿ ಈಶ, ಋಷಿ. ಅಕ್ಷರ ಕಲಿಸಲು ಇದರಿಂದ ತೊಂದರೆಯಿಲ್ಲ. ಅಲ್ಲಿ ಚಿತ್ರದ ಕೆಲಸ ಅಕ್ಷರವನ್ನು ನೆನಪಿಸುವುದಷ್ಟೇ. ಆದರೆ ಅದೇ ಪಟವನ್ನು ನಾವು ಲೋಕವನ್ನು ಪರಿಚಯಿಸುವ ಸಾಧನವಾಗಿಯೂ ಬಳಸುತ್ತೇವೆ. ತೊಡಕು ಅಲ್ಲಿಂದ ಶುರುವಾಗುತ್ತದೆ. ಸಾಮಾನ್ಯ ಮಗು ಒಂದು ಚಿತ್ರ ನೋಡಿ ಉಳಿದ ನೂರು ಬಾಳೆಹಣ್ಣುಗಳನ್ನು ತಾನಾಗಿ ಸೇರಿಸಿಕೊಳ್ಳುತ್ತದೆ. ಪಟದ ಕೊರತೆಯನ್ನು ಮಗುವಿನ ಬುದ್ಧಿ ತುಂಬಿಕೊಡುತ್ತದೆ. ಆದ್ದರಿಂದಲೇ ಪಟ ಕೆಟ್ಟದ್ದೆಂದು ನಮಗೆ ಗೊತ್ತಾಗುವುದಿಲ್ಲ. ನಮ್ಮ ಹುಡುಗನಂಥ ಮಗು ಹಾಗೆ ತುಂಬಿಕೊಡುವುದಿಲ್ಲ, ಕೊಟ್ಟಷ್ಟನ್ನೇ ಕಲಿಯುತ್ತದೆ. ನಮ್ಮ ಪಾಠದ ದೋಷವನ್ನು ಅದು ಕನ್ನಡಿಯಂತೆ ನಮಗೇ ತೋರಿಸುತ್ತದೆ.

ಇದು ಹೊಸ ತಿಳಿವಳಿಕೆಯೇನಲ್ಲ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ವಿವರಿಸಿ ಬರೆದ ಪ್ರಬಂಧದಿಂದಲೇ ಆಟಿಸಂ ಎಂಬ ಸ್ಥಿತಿ ವೈದ್ಯಲೋಕದ ಗಮನಕ್ಕೆ ಬಂತು. ಆ ಮಕ್ಕಳಲ್ಲಿ ಒಬ್ಬನಿಗೆ 'ಹೌದು' ಎಂಬ ಪದ ಕಲಿಸಲು ತಂದೆ ಒಂದು ಉಪಾಯ ಮಾಡಿದ್ದರು. ಹೌದು ಎಂದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದರು. ಹುಡುಗ ಕಲಿತ. ಆದರೆ ಅವನ ಪಾಲಿಗೆ 'ಹೌದು' ಎಂದರೆ 'ನನ್ನನ್ನು ಹೆಗಲಿಗೆ ಏರಿಸು' ಎಂದಾಯಿತು. ಆ ಅರ್ಥದಿಂದ ಪದವನ್ನು ಬಿಡಿಸಲು ಹಲವು ತಿಂಗಳು ಹಿಡಿಯಿತು. ಕಮಲಾಪುರದ ಹಳದಿ ಕಾಗದಕ್ಕೂ ಆ ಹೆಗಲಿಗೂ ಏನು ವ್ಯತ್ಯಾಸ? ಪದವನ್ನು ಕಲಿಸಿದ ಸಂದರ್ಭವೇ ಪದದ ಅರ್ಥವಾಗಿ ಗಟ್ಟಿಯಾಗುತ್ತದೆ.

1971ರಲ್ಲಿ ಐವಾರ್ ಲೋವಾಸ್ ಮತ್ತು ಅವರ ಸಹೋದ್ಯೋಗಿಗಳು ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಬೆಳಕು, ಸದ್ದು, ಸ್ಪರ್ಶ ಮೂರನ್ನೂ ಒಟ್ಟಿಗೆ ಕೊಟ್ಟು ಮಕ್ಕಳಿಗೆ ಪ್ರತಿಕ್ರಿಯಿಸಲು ಕಲಿಸಿದರು. ಆಮೇಲೆ ಒಂದೊಂದನ್ನೇ ಬೇರ್ಪಡಿಸಿ ನೋಡಿದಾಗ ಆಟಿಸಂ ಇರುವ ಮಕ್ಕಳು ಮುಖ್ಯವಾಗಿ ಯಾವುದೋ ಒಂದಕ್ಕೆ ಮಾತ್ರ ಓಗೊಡುತ್ತಿದ್ದರು. ಮಗು ಹಣ್ಣಿನ ಆಕಾರ ಬಿಟ್ಟು ಬಣ್ಣವನ್ನಷ್ಟೇ ಹಿಡಿಯಬಹುದು. ಬಣ್ಣವನ್ನೂ ಬಿಟ್ಟು ಪಟ್ಟಿಯ ಮೂಲೆ ಮುದುಡಿದ್ದನ್ನು ಹಿಡಿಯಬಹುದು. ಇದು ಎಲ್ಲ ಮಕ್ಕಳಿಗೂ ಒಂದೇ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ. ಲೋವಾಸ್ ಆ ಕಾಲದಲ್ಲಿ ಶಿಕ್ಷೆಯನ್ನೂ ಕಲಿಕೆಯ ಸಾಧನವಾಗಿ ಬಳಸಿದ್ದು ಖಂಡನೀಯವೇ. ಆದರೂ ಅವರ ಪ್ರಯೋಗ ಎತ್ತಿದ ಪ್ರಶ್ನೆ ಉಳಿಯುತ್ತದೆ: ನಾವು ಕಲಿಸಿದ್ದು ಏನು, ಮಗು ಹಿಡಿದದ್ದು ಏನು?

ಹಾಗಾದರೆ ಪರಿಕಲ್ಪನೆಯನ್ನು ಕಲಿಸುವುದು ಹೇಗೆ? ಸೀಗ್‌ಫ್ರೀಡ್ ಎಂಗಲ್‌ಮನ್ ಮತ್ತು ಡಗ್ಲಸ್ ಕಾರ್ನೈನ್ 1982ರಲ್ಲಿ ಬರೆದ 'ಥಿಯರಿ ಆಫ್ ಇನ್‌ಸ್ಟ್ರಕ್ಷನ್' ಗ್ರಂಥದ ತಿರುಳು ಸರಳವಾದದ್ದು. ಒಂದೇ ಉದಾಹರಣೆಯಿಂದ ಯಾವ ಪರಿಕಲ್ಪನೆಯನ್ನೂ ಕಲಿಸಲಾಗದು. ಏಕೆಂದರೆ ಒಂದು ಉದಾಹರಣೆಗೆ ಹತ್ತು ಅರ್ಥಗಳು ಹೊಂದುತ್ತವೆ. 'ಹೌದು' ಎನ್ನುವ ಉದಾಹರಣೆಗಳು ಪರಸ್ಪರ ಆದಷ್ಟು ಬೇರೆಯಾಗಿರಬೇಕು. 'ಅಲ್ಲ' ಎನ್ನುವ ಉದಾಹರಣೆ ಆದಷ್ಟು ಹತ್ತಿರದ್ದಾಗಿರಬೇಕು. ಇದನ್ನು ಕಮಲಾಪುರದ ಅಡುಗೆಮನೆಗೆ ತಂದರೆ ಹೀಗೆ: ಕೆಂಪು ಬಾಳೆ, ಹಳದಿ ಬಾಳೆ, ಪುಟ್ಟ ಏಲಕ್ಕಿ ಬಾಳೆ, ಚುಕ್ಕೆಬಿದ್ದ ಕಳಿತ ಬಾಳೆ, ಸುಲಿದ ಬಾಳೆ, ಕತ್ತರಿಸಿದ ಬಾಳೆ, ಎಲ್ಲವೂ ಬಾಳೆಹಣ್ಣು. ಪಕ್ಕದಲ್ಲೇ ಕೆಂಪು ಗಜ್ಜರಿ ಇಟ್ಟು 'ಇದಲ್ಲ' ಎನ್ನಬೇಕು. ಹಳದಿಗೆ ತಿರುಗಿದ ಸೌತೆ ಇಟ್ಟು 'ಇದೂ ಅಲ್ಲ' ಎನ್ನಬೇಕು. ಆಗ ಮಗುವಿಗೆ ಬಣ್ಣವನ್ನು ನೆಚ್ಚಿಕೊಳ್ಳಲು ದಾರಿಯಿಲ್ಲ, ಉದ್ದವನ್ನು ನೆಚ್ಚಿಕೊಳ್ಳಲೂ ದಾರಿಯಿಲ್ಲ. ಕೊನೆಗೆ ಅದುವರೆಗೆ ತೋರಿಸದ ಒಂದು ಹಣ್ಣನ್ನು ಮುಂದಿಟ್ಟು ಕೇಳಬೇಕು. ಪರೀಕ್ಷೆ ಎಂದರೆ ಅದು. ಕಲಿಸಿದ ಪಟ್ಟಿಯನ್ನೇ ಮತ್ತೆ ತೋರಿಸಿ ಕೇಳುವುದು ನೆನಪಿನ ಪರೀಕ್ಷೆ ಮಾತ್ರ.

ಇನ್ನು ಭಾಷೆಯ ಮಾತು. ನಮ್ಮ ಪಟಗಳು ಈ ವಿಷಯದಲ್ಲಿ ಇನ್ನಷ್ಟು ಬಡವು. ಕಲಬುರಗಿಯ ಮುಸ್ಲಿಮ್ ಮನೆಗಳಲ್ಲಿ ದಖನಿ ಆಡುತ್ತಾರೆ. ಅಲ್ಲಿ ಬಾಳೆಹಣ್ಣಿಗೆ 'ಮೌಜ್' ಎನ್ನುತ್ತಾರೆ. ಟಿ.ವಿ.ಯಲ್ಲಿ ಅದು 'ಕೇಲಾ', ಶಾಲೆಯಲ್ಲಿ 'ಬಾಳೆಹಣ್ಣು', ಪಟದ ಕೆಳಗೆ 'ಬನಾನಾ'. ಒಂದು ಹಣ್ಣಿಗೆ ನಾಲ್ಕು ಹೆಸರು. ನಾಲ್ಕು ಭಾಷೆಗಳ ನಡುವೆ ಸಲೀಸಾಗಿ ಓಡಾಡುವ ನಮ್ಮ ಊರಿನ ಹಿರಿಮೆಯೇ ಈ ಮಗುವಿಗೆ ಜಾರುದಾರಿಯಾಗಬಹುದು. ಶಾಲೆಯಲ್ಲಿ 'ಮೌಜ್' ಎಂದ ಮಗುವಿಗೆ ಸೊನ್ನೆ ಹಾಕಿದರೆ, ಹಣ್ಣನ್ನು ಗುರುತಿಸಿದ ಅದರ ತಿಳಿವಳಿಕೆಗೇ ಸೊನ್ನೆ ಹಾಕಿದಂತಾಯಿತು. ಇನ್ನು ಕೆಲವರು ತಾಯಿಗೆ ಮನೆಮಾತನ್ನೇ ಬಿಟ್ಟುಬಿಡಿ, ಒಂದೇ ಭಾಷೆ ಆಡಿ ಎಂದು ಸಲಹೆ ಕೊಡುತ್ತಾರೆ. ಎರಡು ಭಾಷೆಗಳ ಮನೆಯಲ್ಲಿ ಬೆಳೆದುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುತ್ತದೆಂದು ಇದುವರೆಗಿನ ಅಧ್ಯಯನಗಳು ತೋರಿಸಿಲ್ಲ. ತಾಯಿ ತನಗೆ ಒಗ್ಗದ ಭಾಷೆಯಲ್ಲಿ ಮಗನೊಡನೆ ಆಡತೊಡಗಿದರೆ ಮಾತು ಕಡಿಮೆಯಾಗುತ್ತದೆ, ಮುದ್ದೂ ಕಡಿಮೆಯಾಗುತ್ತದೆ.

ಕಾಲದ ಪರಿಕಲ್ಪನೆಯನ್ನು ನೋಡಿ. ಕನ್ನಡದಲ್ಲಿ 'ನಿನ್ನೆ', 'ನಾಳೆ' ಬೇರೆ ಬೇರೆ. ಉರ್ದು, ದಖನಿಯಲ್ಲಿ ಎರಡಕ್ಕೂ 'ಕಲ್'. ಹಿಂದೋ ಮುಂದೋ ಎಂಬುದನ್ನು ಕ್ರಿಯಾಪದ ಹೇಳುತ್ತದೆ. ದಖನಿಯ 'ಪರಸೋಂ' ಎಂಬುದಂತೂ ಮೊನ್ನೆಯಿಂದ ಹಿಡಿದು ಯಾವ ಕಾಲಕ್ಕೂ ಹಿಗ್ಗಬಲ್ಲದು. ಕ್ರಿಯಾಪದದ ಬಾಲವನ್ನು ಹಿಡಿಯಲಾಗದ ಮಗು 'ಕಲ್ ಬಜಾರ್' ಎಂಬುದಷ್ಟನ್ನೇ ಕೇಳಿಸಿಕೊಂಡು, ಮುಗಿದುಹೋದ ಸಂತೆಗಾಗಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ಅದನ್ನು ಹಟಮಾರಿ ಎನ್ನುತ್ತೇವೆ.

ಲಿಪಿಯದೂ ಅದೇ ಕಥೆ. ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. 'ಮೊದಲು ಏನಾಯಿತು, ಆಮೇಲೆ ಏನಾಯಿತು' ಎಂದು ಕಲಿಸುವ ಸರಣಿ ಚಿತ್ರಗಳು ಎಡದಿಂದಲೇ ಆರಂಭವಾಗುತ್ತವೆ. ಉರ್ದು ಶಾಲೆಯ ಮಗು ಅವನ್ನು ಬಲದಿಂದ ಜೋಡಿಸಿದರೆ ಅದರ ಕಥೆ ಸರಿಯಾಗಿಯೇ ಇರುತ್ತದೆ. ಆದರೆ ಎದುರಿಗೆ ಕುಳಿತವರಿಗೆ ಇದು ಹೊಳೆಯದಿದ್ದರೆ 'ಕಾಲಕ್ರಮದ ಅರಿವಿಲ್ಲ' ಎಂದು ಬರೆದುಬಿಡುತ್ತಾರೆ. ಕನ್ನಡ ಮನೆಗಳಿಗೂ ತಮ್ಮದೇ ತೊಡಕುಂಟು. ತಂದೆಯನ್ನು 'ಅಪ್ಪಾ' ಎನ್ನುವಂತೆ ಕಲಿಸುವ ನಾವೇ ಮಗನನ್ನು 'ಬಾರಪ್ಪಾ', ಮಗಳನ್ನು 'ಬಾರಮ್ಮಾ' ಎಂದು ಕರೆಯುತ್ತೇವೆ. 'ನಾನು', 'ನೀನು'ಗಳನ್ನೇ ಅದಲುಬದಲು ಮಾಡುವ ಮಗುವಿಗೆ ನಮ್ಮ ಅಕ್ಕರೆಯೇ ಒಗಟಾಗುತ್ತದೆ.

ಪಟಗಳ ನಂತರ ಪರೀಕ್ಷೆಗಳನ್ನು ನೋಡೋಣ. ಇಲ್ಲಿ ಕನ್ನಡಕ್ಕೆ ಒಂದು ಹೆಮ್ಮೆಯ ಚರಿತ್ರೆಯಿದೆ. ವಿ.ವಿ. ಕಾಮತ್ ಅವರು ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗಾಗಿ ಅಳವಡಿಸಿ 1934ರಲ್ಲಿ ಪ್ರಕಟಿಸಿದರು. ಪರದೇಶದ ಪ್ರಶ್ನೆಗಳನ್ನು ಹಾಗೇ ಅನುವಾದಿಸಿದರೆ ಸಾಲದು, ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ ನೋಡಬೇಕೆಂಬ ವಿವೇಕ ಅವರಿಗೆ ಆಗಲೇ ಇತ್ತು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಹಲವು ಕಡೆ ಬಳಕೆಯಲ್ಲಿದೆ. ಕಾಮತರ ವಿವೇಕವನ್ನು ಮುಂದುವರಿಸುವ ಬದಲು ಅವರ ಪ್ರಶ್ನೆಗಳನ್ನೇ ಮುಂದುವರಿಸಿದರೆ ಅದು ಅವರಿಗೆ ಸಲ್ಲಿಸುವ ಗೌರವವಾಗದು.

ರಷ್ಯದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ 1931-32ರಲ್ಲಿ ಉಜ್ಬೇಕಿಸ್ತಾನದ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ತುಂಡು ನಾಲ್ಕನ್ನೂ ಇಟ್ಟು ಗುಂಪಿಗೆ ಸೇರದ್ದು ಯಾವುದೆಂದು ಕೇಳಿದ್ದರು. ಮರದ ತುಂಡೇ ಇಲ್ಲದಿದ್ದರೆ ಕೊಡಲಿಗೇನು ಕೆಲಸ, ನಾಲ್ಕೂ ಒಟ್ಟಿಗೇ ಇರಬೇಕು ಎಂಬುದು ಓದುಬರಹವಿಲ್ಲದ ಅನೇಕರ ವಾದವಾಗಿತ್ತು. ಸ್ವಲ್ಪ ಕಾಲ ಶಾಲೆಗೆ ಹೋದವರು ಮಾತ್ರ 'ಉಪಕರಣ'ಗಳನ್ನು ಬೇರ್ಪಡಿಸಿದರು. ವಸ್ತುಗಳನ್ನು ಬಳಕೆಯಿಂದ ಗುಂಪುಮಾಡುವುದು ಮೂಢತನವಲ್ಲ, ಅದು ಬದುಕಿನ ವ್ಯಾಕರಣ. ನಮ್ಮ ಹುಡುಗನೂ ಹೀಗೆಯೇ. ತಟ್ಟೆ, ಬಟ್ಟಲು, ಚಮಚ, ರೊಟ್ಟಿಯ ಚಿತ್ರಗಳಲ್ಲಿ ಹೊರಗಿನದನ್ನು ತೆಗೆ ಎಂದರೆ ಅವನು ಚಮಚವನ್ನು ತೆಗೆದ. ಜೋಳದ ರೊಟ್ಟಿಯನ್ನು ಚಮಚದಲ್ಲಿ ತಿನ್ನುವವರನ್ನು ಅವನು ಕಂಡಿಲ್ಲ. ಉತ್ತರಪತ್ರಿಕೆಯಲ್ಲಿ ಅದು ತಪ್ಪು. ಕಮಲಾಪುರದಲ್ಲಿ ಅದು ಸರಿ.

ಸಿನಿಮಾದ ಬಗ್ಗೆಯೂ ಒಂದು ಮಾತು ಹೇಳಬೇಕು. 2007ರ 'ತಾರೆ ಜಮೀನ್ ಪರ್' ಚಿತ್ರ ದೇಶದ ತಂದೆತಾಯಿಗಳ ಕಣ್ಣು ತೆರೆಸಿತು. ಸೋಮಾರಿ ಎಂದು ಹೊಡೆಸಿಕೊಳ್ಳುತ್ತಿದ್ದ ಎಷ್ಟೋ ಮಕ್ಕಳ ಬಗ್ಗೆ ಮನೆಮನೆಗಳಲ್ಲಿ ಮರುಚಿಂತನೆ ನಡೆಯಿತು. ಆ ಉಪಕಾರವನ್ನು ಮರೆಯಬಾರದು. ಆದರೆ ಕೊನೆಯಲ್ಲಿ ಹುಡುಗ ಚಿತ್ರಸ್ಪರ್ಧೆಯಲ್ಲಿ ಬಹುಮಾನ ಗೆಲ್ಲುತ್ತಾನೆ. ಅಂದಿನಿಂದ ಇಂಥ ಪ್ರತಿ ಮಗುವಿನ ಮನೆಗೆ ಬಂದವರೂ 'ಇವನಲ್ಲಿ ಏನು ಪ್ರತಿಭೆ ಇದೆ?' ಎಂದು ಕೇಳುತ್ತಾರೆ. ಪ್ರತಿಭೆ ಇಲ್ಲದಿದ್ದರೆ? ಬಹುಮಾನ ಗೆಲ್ಲದ, ಹಾಡದ, ಲೆಕ್ಕದಲ್ಲಿ ಚಮತ್ಕಾರ ತೋರದ ಮಗುವಿಗೆ 'ಬಿಸಿ' ಎಂದರೇನೆಂದು ಕಲಿಯುವ ಹಕ್ಕಿಲ್ಲವೇ? ಕಾಯ್ದೆ ಹಕ್ಕಿದೆ ಎನ್ನುತ್ತದೆ. 1995ರ ಕಾಯ್ದೆ ಏಳು ವಿಧದ ಅಂಗವೈಕಲ್ಯಗಳನ್ನು ಮಾತ್ರ ಎಣಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21ನ್ನು ಎಣಿಸಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ಸೇರಿಸಿಕೊಂಡಿತು. ನಿಗದಿತ ಪ್ರಮಾಣದ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಹಕ್ಕು ಬಂದಿದೆ, ಅದರ ಕೈಯಲ್ಲಿರುವ ಪಾಠೋಪಕರಣ ಇನ್ನೂ ಹಳದಿ ಬಾಳೆಯ ಚಿತ್ರವೇ.

ನಾಡಿನಲ್ಲಿ ಒಳ್ಳೆಯ ಕೆಲಸ ನಡೆದಿಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ದುಡಿಯುತ್ತಿದೆ. ಡಾ. ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಆರಂಭಿಸಿದ 'ಕಾಮ್ ಡೀಲ್' ಸಂಸ್ಥೆ, ಸಂವಹನದ ತೊಂದರೆಯಿರುವ ಪುಟ್ಟ ಮಕ್ಕಳನ್ನು ಬೇಗನೆ ಗುರುತಿಸಿ ಶಾಲೆಗೆ ಸಿದ್ಧಗೊಳಿಸುವ ಮಾದರಿಯೊಂದನ್ನು ರೂಪಿಸಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ 'ನಲಿ-ಕಲಿ'ಯಂತೂ ಪ್ರತಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲೇರಲಿ ಎಂಬ ತತ್ವವನ್ನು ಸರ್ಕಾರಿ ಶಾಲೆಗಳಿಗೆ ತಂದಿತು. ನಮ್ಮ ದೂರು ಇಷ್ಟೇ: ಮೈಸೂರು ಕಲಬುರಗಿಯಿಂದ ಆರುನೂರು ಕಿಲೋಮೀಟರಿಗೂ ದೂರ. ನೆರೆಯ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೇ ನಮ್ಮವರಿಗೆ ಹತ್ತಿರ. ಅಲ್ಲಿ ಸುತ್ತಲ ಮಾತು ತೆಲುಗು. ಶಾಲೆಗೆ ಬಂದುಹೋಗುವ ಸಂಪನ್ಮೂಲ ಶಿಕ್ಷಕರಿಗೆ ಇಡೀ ತಾಲೂಕಿನ ಹೊರೆ. ಉಳಿದ ದಿನಗಳಲ್ಲಿ ಕಲಿಸುವವರು ಯಾರು? ತಾಯಿ. ಆಕೆಗೆ ಆಕೆಯ ಭಾಷೆಯಲ್ಲಿ, ಆಕೆಯ ಅಡುಗೆಮನೆಯ ಸಾಮಾನುಗಳಲ್ಲಿ ಪಾಠದ ದಾರಿ ಹೇಳುವ ಒಂದು ತೆಳು ಪುಸ್ತಕವನ್ನು ನಾವು ಅಂಗಡಿಗಳಲ್ಲಿ ಹುಡುಕಿದೆವು. ಸಿಗಲಿಲ್ಲ.

ಅಂಥ ಪುಸ್ತಕ ಎಲ್ಲಿಂದ ಶುರುವಾಗಬೇಕು? ಹಣ್ಣು, ಪ್ರಾಣಿ, ವಾಹನಗಳ ಪಟ್ಟಿಯಿಂದ ಅಲ್ಲ, ಮಗುವಿನ ಅಗತ್ಯದಿಂದ. 'ಬಿಸಿ', 'ಸಾಕು', 'ಬೇಡ', 'ನೋವು', 'ನಿಲ್ಲು' ಎಂಬ ಐದು ಪದಗಳ ಪಟ ಎಲ್ಲಾದರೂ ಇದೆಯೇ? ಇವುಗಳ ಚಿತ್ರ ಬರೆಯುವುದು ಕಷ್ಟ, ಆದ್ದರಿಂದ ಪಟದಲ್ಲಿಲ್ಲ. ಆದರೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ 'ಬಿಸಿ'ಯನ್ನು ಕಲಿಸಲು ಚಿತ್ರವೇಕೆ? ಆಗತಾನೇ ತಟ್ಟಿದ ರೊಟ್ಟಿ, ಚಹಾದ ಗ್ಲಾಸಿನ ಹೊರಮೈ, ಮಧ್ಯಾಹ್ನದ ಅಂಗಳದ ಕಲ್ಲು, ಇವನ್ನು ಮಗುವಿನ ಕೈ ಹಿಡಿದು ಸುಡದಷ್ಟು ಹತ್ತಿರಕ್ಕೆ ಒಯ್ದು 'ಬಿಸಿ' ಎನ್ನಬಹುದು. ಗಡಿಗೆಯ ನೀರು, ಆರಿದ ರೊಟ್ಟಿ, ಸಂಜೆಯ ಅದೇ ಕಲ್ಲನ್ನು ಮುಟ್ಟಿಸಿ 'ಬಿಸಿ ಇಲ್ಲ' ಎನ್ನಬಹುದು. ಬೆಳಗಿನ ಕಲ್ಲು, ಮಧ್ಯಾಹ್ನದ ಕಲ್ಲು ಒಂದೇ ಆದ್ದರಿಂದ 'ಬಿಸಿ' ಕಲ್ಲಿನ ಹೆಸರಲ್ಲ ಎಂದು ಮಗುವಿಗೆ ಮೆಲ್ಲಗೆ ಹೊಳೆಯುತ್ತದೆ. 'ಬೇಡ' ಎಂಬುದಂತೂ ಇನ್ನೂ ಮುಖ್ಯ. ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವಂತೆ ಪಳಗಿಸಿದ ಮಗು, ಕೆಟ್ಟ ಕೈ ಮುಟ್ಟಿದಾಗಲೂ ತಲೆಯಾಡಿಸುತ್ತದೆ. ಅದು ಬಾಯಿಂದಾಗಲಿ, ಸನ್ನೆಯಿಂದಾಗಲಿ, ಚಿತ್ರವೊಂದನ್ನು ಎತ್ತಿಕೊಟ್ಟಾಗಲಿ 'ಬೇಡ' ಎಂದಾಗ ನಾವು ಕೇಳಬೇಕು. ಕೇಳದಿದ್ದರೆ ಆ ಪದಕ್ಕೆ ಅರ್ಥವೇ ಹುಟ್ಟುವುದಿಲ್ಲ.

ಮಗುವಿಗೆ ಮಾತು ತಡವಾದರೆ ನಮ್ಮ ಕಡೆಯವರು ಖ್ವಾಜಾ ಬಂದೇನವಾಜರ ದರ್ಗಾಕ್ಕೂ ಹೋಗುತ್ತಾರೆ, ಶರಣಬಸವೇಶ್ವರ ಗುಡಿಗೂ ಹೋಗುತ್ತಾರೆ. ಹೋಗಲಿ, ಆ ತಾಯಂದಿರ ಹರಕೆಯನ್ನು ಹಂಗಿಸಲು ನಾವು ಯಾರು? ಆದರೆ ದಾರಿಯಲ್ಲಿ ಮಗುವಿನ ಕಿವಿಯನ್ನು ಒಮ್ಮೆ ಪರೀಕ್ಷೆ ಮಾಡಿಸಲಿ. ಕೇಳಿಸದ ಮಗುವಿಗೆ ಕಲಿಸುವ ದಾರಿಯೇ ಬೇರೆ. ಕಾದು ನೋಡಿದ ಒಂದೊಂದು ವರ್ಷವೂ ನಷ್ಟ.

ಪಟ ಅಚ್ಚುಹಾಕುವವರಲ್ಲಿ ನಮ್ಮದೊಂದು ಸಣ್ಣ ವಿನಂತಿ. ಪ್ರತಿ ಪದಕ್ಕೆ ಒಂದು ಚಿತ್ರದ ಬದಲು ನಾಲ್ಕು ಚಿತ್ರ ಕೊಡಿ; ಐದನೆಯ ಜಾಗವನ್ನು ಖಾಲಿ ಬಿಡಿ. ಕಮಲಾಪುರದ ತಾಯಿ ಅಲ್ಲಿ ತನ್ನ ಕೆಂಪು ಹಣ್ಣಿನ ಫೋಟೋ ಅಂಟಿಸಿಕೊಳ್ಳುತ್ತಾಳೆ, ಕೆಳಗೆ 'ಮೌಜ್' ಎಂದು ಬರೆದುಕೊಳ್ಳುತ್ತಾಳೆ. ನಮ್ಮ ಹುಡುಗನ ತಾಯಿ ಈಗ ಹಾಗೆಯೇ ಮಾಡಿದ್ದಾರೆ. ಪೆಟ್ಟಿಗೆಯ ಹಳದಿ ಪಟ್ಟಿಯನ್ನು ಎಸೆದಿಲ್ಲ. ಅದರ ಜೊತೆಗೆ ಇನ್ನೂ ಆರು ಪಟ್ಟಿಗಳನ್ನು, ನಿಜವಾದ ಹಣ್ಣುಗಳನ್ನು ಇಟ್ಟು ದಿನಕ್ಕೆ ಹತ್ತು ನಿಮಿಷ ಕೂರುತ್ತಾರೆ. ಮೂರು ತಿಂಗಳಾದ ಮೇಲೆ ಫೋನಿನಲ್ಲಿ ತಿಳಿಸಿದರು: ಬಂಡಿಯ ಮುಂದೆ ನಿಂತು ಅವನು ಕೆಂಪು ಗೊನೆಯ ಕಡೆಗೆ ಕೈಮಾಡಿ 'ಮೌಜ್' ಎಂದನಂತೆ. ಅಂಗಡಿಯವ ಹಳದಿಯದನ್ನು ಕೊಡಹೋದಾಗ ತಲೆಯಾಡಿಸಿ 'ಬೇಡ' ಎಂದನಂತೆ. ಆ ಎರಡನೆಯ ಪದ ಕೇಳಿ ನಮಗೆ ಹೆಚ್ಚು ಸಂತೋಷವಾಯಿತು.